‘ಪಾಂಟೂನ್’: ಒಂದು ಪದದ ಅರ್ಥವ್ಯಾಪ್ತಿ

ಮುಂಬಯಿಯ ಗ್ರಾಂಟ್ ರೋಡ್ ಪರಿಸರದಲ್ಲಿ ‘ಪಿಲಾ ಹೌಸ್’ ಎಂಬ ಪ್ರದೇಶವಿದೆ. ಈ ‘ಪಿಲಾ’ಕ್ಕೂ ಹಳದಿ ಬಣ್ಣಕ್ಕೂ ಸಂಬಂಧವಿಲ್ಲ. 1846ರಲ್ಲಿ ಗ್ರಾಂಟ್ ರೋಡ್ ರಂಗಮಂದಿರ ತೆರೆದ ತರುವಾಯ ಆ ಸುತ್ತಿನಲ್ಲಿ ನಾಟಕಶಾಲೆಗಳು ಬೆಳೆದವು. ಇಂಗ್ಲಿಷಿನ ‘ಪ್ಲೇ ಹೌಸ್’ ಜನರ ಬಾಯಲ್ಲಿ ‘ಪಿಲಾ ಹೌಸ್’ ಆಯಿತು. ಅಪರಿಚಿತ ಪದವನ್ನು ಪರಿಚಿತ ಪದದ ಅಚ್ಚಿಗೆ ಹೊಯ್ಯುವ ಈ ಪ್ರವೃತ್ತಿ ‘ಪಾಂಟೂನ್’ ಪದದ ಚರಿತ್ರೆಯಲ್ಲಿಯೂ ಕಾಣಬರುತ್ತದೆ. ಮುಂಬಯಿ ಸರಕಾರದ ಹಳೆಯ ಕಡತಗಳನ್ನು ಕನ್ನಡಿಸುವವರಿಗೆ ಈ ಪದವು ತೊಡಕನ್ನೊಡ್ಡುವುದರಿಂದ ಅದರ ಅರ್ಥಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಲ್ಯಾಟಿನಿನ ‘ಪಾನ್ಸ್’ ಎಂದರೆ ಸೇತುವೆ. ಅದಕ್ಕೆ ಸಂಬಂಧಿಸಿದ ‘ಪೊಂಟೊ’ ಚಪ್ಪಟೆ ತಳದ ದೋಣಿಯನ್ನು ಸೂಚಿಸಿತು. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಸೇನೆಯಲ್ಲಿ ಸೇತುವೆಗೆ ಆಧಾರವಾಗುವ ದೋಣಿ, ಬಂದರಿನಲ್ಲಿ ಪ್ರಯಾಣಿಕರು ಇಳಿಯುವ ತೇಲುಗಟ್ಟೆ, ಮುಳುಗಿದ ಹಡಗನ್ನು ಮೇಲೆತ್ತುವ ಟೊಳ್ಳು ತೊಟ್ಟಿ, ಇವೆಲ್ಲವೂ ಪಾಂಟೂನ್‌ಗಳೇ. ಇಪ್ಪತ್ತೊಂದು ಅಂಕಗಳ ಇಸ್ಪೀಟಾಟಕ್ಕೂ ಇದೇ ಹೆಸರುಂಟು. ಆದರೆ ಅದು ಬೇರೆಯೇ ಪದ. ಇಪ್ಪತ್ತೊಂದು ಎಂಬರ್ಥದ ಫ್ರೆಂಚಿನ ‘ವ್ಯಾಂತೇ ಆಂ’ ಇಂಗ್ಲಿಷರ ಬಾಯಲ್ಲಿ ಹೀಗೆ ತಿರುಚಿಕೊಂಡಿತೆಂದು ನಿಘಂಟುಕಾರರು ಊಹಿಸುತ್ತಾರೆ. ಇದು ‘ಪಿಲಾ ಹೌಸ್’ ಬಗೆಯ ಮಾರ್ಪಾಡು.

ಇಲ್ಲಿ ಗಮನಿಸಬೇಕಾದುದೆಂದರೆ, ಪಾಂಟೂನ್ ಎಂಬುದು ಸೇತುವೆಯ ಹೆಸರಲ್ಲ, ಅದನ್ನು ಹೊರುವ ತೇಲುವಸ್ತುವಿನ ಹೆಸರು. 1874ರಲ್ಲಿ ಬ್ರಾಡ್‌ಫರ್ಡ್ ಲೆಸ್ಲಿ ನಿರ್ಮಿಸಿದ, 1528 ಅಡಿ ಉದ್ದದ ಹಳೆಯ ಹೌರಾ ಸೇತುವೆ ಇಂತಹ ಪಾಂಟೂನ್‌ಗಳ ಮೇಲೆ ನಿಂತಿತ್ತು. 1943ರಲ್ಲಿ ಈಗಿನ ಸೇತುವೆ ಅದರ ಸ್ಥಾನವನ್ನು ಪಡೆಯಿತು. ಪ್ರಯಾಗದ ಕುಂಭಮೇಳದ ತೇಲುಸೇತುವೆಗಳನ್ನು ಹಿಂದಿಯಲ್ಲಿ ‘ಪೀಪಾ ಪುಲ್’ ಎನ್ನುತ್ತಾರೆ. ಆ ‘ಪೀಪಾ’ ಮತ್ತು ನಮ್ಮ ‘ಪೀಪಾಯಿ’ ಎರಡೂ ಪೋರ್ಚುಗೀಸ್ ಮೂಲದವು. ಹಿಂದಿಯು ಹೊರುವ ವಸ್ತುವನ್ನೇ ಹೆಸರಿಸಿತು. ಕನ್ನಡದ ‘ತೇಲುಸೇತುವೆ’ ಅದನ್ನು ಮರೆಸಿತು.

ಇದು ಕೇವಲ ಶಬ್ದದ ವಿಚಾರವಲ್ಲ. 1803ರ ಮರಾಠಾ ಯುದ್ಧದ ಸಂದರ್ಭದಲ್ಲಿ ಆರ್ಥರ್ ವೆಲ್ಲೆಸ್ಲಿ ಮುಂಬಯಿ ಸರಕಾರದಿಂದ ಪಾಂಟೂನ್‌ಗಳನ್ನು ಬಯಸಿದ್ದನು; ಆದರೆ ಅವನ ದಂಡು ನದಿ ದಾಟಲು ನೆಚ್ಚಿದ್ದು ತೊಗಲು ಹೊದಿಸಿದ ಬಿದಿರಿನ ಹರಿಗೋಲುಗಳನ್ನು. ಎರಡನ್ನೂ ‘ತೇಲುಸೇತುವೆ’ ಎಂದು ಅನುವಾದಿಸಿದರೆ, ಇಲ್ಲದ ಸೇತುವೆಯೊಂದು ಚರಿತ್ರೆಯಲ್ಲಿ ಸೇರಿಕೊಳ್ಳುತ್ತದೆ. ಅದರೊಂದಿಗೆ ಬಿದಿರು ಹೆಣೆದವರ, ತೊಗಲು ಹೊಲಿದವರ, ಹುಟ್ಟು ಹಾಕಿದವರ ಶ್ರಮವೂ ಮರೆಯಾಗುತ್ತದೆ.

ಪದಗಳ ಸಂಚಾರ ಏಕಮುಖವಾಗಿರಲಿಲ್ಲ ಎಂಬುದಕ್ಕೂ ಈ ವಲಯದಲ್ಲೇ ನಿದರ್ಶನವಿದೆ. ಜೋಡಿಸಿದ ದೋಣಿಗಳನ್ನು ಹೇಳುವ ಮಲಯಾಳಂನ ‘ಚಂಗಾಡಂ’ ಪೋರ್ಚುಗೀಸಿನಲ್ಲಿ ‘ಜಂಗಾಡ’ವಾಗಿ ಬ್ರೆಜಿಲ್‌ವರೆಗೂ ಹೋಯಿತು. ಕೇರಳದಲ್ಲಿ ವಾಹನ ದಾಟಿಸುವ ನಾವೆಗೆ ‘ಜಂಗಾರ್’ ಎನ್ನುವುದೂ ಈ ಪದದ ಬಳಗವೇ.

ಆದುದರಿಂದ ಪಾಂಟೂನ್‌ಗೆ ಒಂದೇ ಪರ್ಯಾಯ ಸಾಲದು. ಸೇನೆಯ ಸಂದರ್ಭದಲ್ಲಿ ‘ಸೇತುದೋಣಿ’, ಬಂದರಿನಲ್ಲಿ ‘ತೇಲುಗಟ್ಟೆ’, ಹಡಗೆತ್ತುವಲ್ಲಿ ‘ತೇಲುತೊಟ್ಟಿ’ ಎಂಬ ರೂಪಗಳನ್ನು ನಾವು ಸೂಚಿಸುತ್ತೇವೆ. ಇಸ್ಪೀಟಾಟದ ಹೆಸರನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಲೇಸು. ಹರಿಗೋಲು ಮಾತ್ರ ಹರಿಗೋಲಾಗಿಯೇ ಇರತಕ್ಕದ್ದು.