ಗುಂಡಿನ ತೂಕ, ನಳಿಗೆಯ ತಿರುವು ಮತ್ತು ಡಬ್ಲಿನ್ನಿನ ರಿಗ್ಬಿ

ಡಬ್ಲಿನ್ನಿನಲ್ಲಿರುವ ನಮಗೆಲ್ಲ ಡಾಲಿಮೌಂಟ್ ಅಂದರೆ ಬಿಸಿಲು ಬಿದ್ದ ಭಾನುವಾರ ಮಕ್ಕಳೊಡನೆ ಹೋಗುವ ಕಡಲತೀರ. ಅದೇ ಮರಳಿನ ಮೇಲೆ 1875ರ ಜೂನ್ 29ರಂದು ಸಾವಿರಾರು ಜನ ನೆರೆದಿದ್ದರು. ಅವರು ನೋಡಬಂದದ್ದು ಕುದುರೆ ಪಂದ್ಯವನ್ನಲ್ಲ. ಸಾವಿರ ಗಜ ದೂರದ ಗುರಿಗೆ ಐರಿಷರು ಮತ್ತು ಅಮೆರಿಕನ್ನರು ಗುಂಡು ಹೊಡೆಯುವ ಪಂದ್ಯವನ್ನು. ಆ ಕಥೆ ತಿಳಿಯಬೇಕಾದರೆ ಮೊದಲು ನಳಿಗೆಯೊಳಗೆ ಸ್ವಲ್ಪ ಇಣುಕಬೇಕು.

ಬುಗುರಿ ಆಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತಿರುಗುತ್ತಿರುವಷ್ಟು ಹೊತ್ತು ಬುಗುರಿ ನೆಟ್ಟಗೆ ನಿಲ್ಲುತ್ತದೆ, ವೇಗ ಕುಂದಿದರೆ ತೂರಾಡಿ ಬೀಳುತ್ತದೆ. ಉದ್ದನೆಯ ಗುಂಡೂ ಹಾಗೆಯೇ. ತಿರುಗದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಆದ್ದರಿಂದ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳನ್ನು ಕೊರೆಯುತ್ತಾರೆ. ಆ ಸುರುಳಿ ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತದೆ ಎಂಬುದೇ ತಿರುವಿನ ಅಳತೆ. ಇಂಚು ಕಡಿಮೆಯಾದಷ್ಟೂ ತಿರುವು ಚುರುಕು.

ಶ್ರೀರಂಗಪಟ್ಟಣದ ರಾಕೆಟ್ಟುಗಳಿಗೆ ಈ ಉಪಾಯ ಇರಲಿಲ್ಲ. ಅವುಗಳನ್ನು ನೇರ ಹಾರಿಸುತ್ತಿದ್ದದ್ದು ಬಾಲದಂತೆ ಕಟ್ಟಿದ ಬಿದಿರು. ಅವುಗಳನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ಮಾಡಿದ ರಾಕೆಟ್ಟಿಗೂ ಕೋಲು ಬೇಕಾಗಿತ್ತು. 1844ರಲ್ಲಿ ವಿಲಿಯಂ ಹೇಲ್ ಎಂಬಾತ ರಾಕೆಟ್ಟನ್ನೇ ತಿರುಗಿಸಿ ಕೋಲನ್ನು ಬಿಡಿಸಿದ.

ಬಂದೂಕಿಗೆ ಬಂದರೆ, 1853ರ ಎನ್‌ಫೀಲ್ಡ್ ನೆನಪಿರಬೇಕು. ಕೊಬ್ಬು ಸವರಿದ ತೋಟಾದಿಂದಾಗಿ 1857ರ ದಂಗೆಗೆ ಕಿಡಿ ಹಚ್ಚಿದ್ದು ಇದೇ. ಅದರ ನಳಿಗೆ 0.577 ಇಂಚು ಅಗಲ, ಗುಂಡು 530 ಗ್ರೇನ್, ಅಂದರೆ ಮೂರು ತೊಲಕ್ಕೆ ತುಸು ಕಡಿಮೆ. ತಿರುವು 78 ಇಂಚಿಗೆ ಒಂದು. ಮ್ಯಾಂಚೆಸ್ಟರಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಗುಂಡಿನ ತೂಕವನ್ನು ಹಾಗೆಯೇ 530 ಗ್ರೇನ್ ಇಟ್ಟುಕೊಂಡು ನಳಿಗೆಯನ್ನು 0.451 ಇಂಚಿಗೆ ಕಿರಿದು ಮಾಡಿದ. ಅಷ್ಟೇ ಸೀಸ ಕಿರಿದಾದ ಅಚ್ಚಿಗೆ ಹೋದರೆ ಗುಂಡು ಉದ್ದವಾಗಲೇಬೇಕು. ಉದ್ದ ಗುಂಡು ನಿಲ್ಲಲು ತಿರುವು ಚುರುಕಾಗಬೇಕು. ಹೀಗಾಗಿ ಅವನು 20 ಇಂಚಿಗೆ ಒಂದು ಸುತ್ತು ಕೊಟ್ಟ. 1857ರಲ್ಲಿ ಹೈತ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ವಿಟ್‌ವರ್ತ್ ಬಂದೂಕು ಎನ್‌ಫೀಲ್ಡನ್ನು ಬಹಳ ಹಿಂದೆ ಹಾಕಿತು.

"ಭಾರದ ಗುಂಡಿಗೆ ಚುರುಕು ತಿರುವು" ಎಂದು ಗುರಿಕಾರರು ಹೇಳುವ ಮಾತು ಅರ್ಧ ಮಾತ್ರ ನಿಜ ಎಂದು ಇದರಿಂದ ತಿಳಿಯುತ್ತದೆ. ತೂಕ ಒಂದೇ ಇದ್ದರೂ ತಿರುವು 78ರಿಂದ 20ಕ್ಕೆ ಇಳಿಯಿತಲ್ಲ! ಲೆಕ್ಕಕ್ಕೆ ಬರುವುದು ಉದ್ದ. ನಳಿಗೆಯ ಅಗಲ, ಗುಂಡಿನ ಆಕಾರ, ಲೋಹ ಇವೆಲ್ಲ ಒಂದೇ ಆಗಿದ್ದಾಗ ಮಾತ್ರ ತೂಕ ಹೆಚ್ಚಿದರೆ ಉದ್ದ ಹೆಚ್ಚುತ್ತದೆ. ಆಗ ತೂಕವನ್ನು ಉದ್ದದ ಬದಲಿಗೆ ಹೇಳಬಹುದು. 1879ರಲ್ಲಿ ವುಲಿಚ್‌ನ ಗಣಿತಜ್ಞ ಗ್ರೀನ್‌ಹಿಲ್ ಇದನ್ನು ಸೂತ್ರವಾಗಿಸಿದ. ಗುಂಡಿನ ಅಗಲದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಅಗಲ 0.45 ಇಂಚು, ಉದ್ದ 1.35 ಇಂಚು ಇದ್ದರೆ ಉತ್ತರ 22.5 ಇಂಚು. ವಿಟ್‌ವರ್ತ್‌ನ 20 ಅದಕ್ಕಿಂತ ತುಸು ಚುರುಕು, ಅಂದರೆ ಕ್ಷೇಮ. ಹಾಗೆಂದು ಬೇಕಾಬಿಟ್ಟಿ ಚುರುಕು ಮಾಡುವಂತೆಯೂ ಇಲ್ಲ. ಗುಂಡಿನ ಎರಕದಲ್ಲಿ ಸಣ್ಣ ಓರೆಯಿದ್ದರೂ ಅತಿ ತಿರುಗುವಿಕೆ ಅದನ್ನು ದೊಡ್ಡದು ಮಾಡುತ್ತದೆ. ಮೆತ್ತನೆಯ ಸೀಸವಾದರೆ ಗೀರನ್ನು ಹಿಡಿಯದೆ ಜಾರುತ್ತದೆ.

ಸೂತ್ರ ಬರುವ ಮುನ್ನವೇ ಇದನ್ನು ಕೈಯಾರೆ ಕಂಡುಕೊಂಡವರಲ್ಲಿ ಡಬ್ಲಿನ್ನಿನ ಜಾನ್ ರಿಗ್ಬಿ ಒಬ್ಬ. ತಲೆಮಾರುಗಳಿಂದ ಬಂದೂಕು ಮಾಡಿದ ಮನೆತನ ಅವನದು. ಬಂದೂಕು ಮಾಡುವುದರ ಜೊತೆಗೆ ಗುರಿಯನ್ನೂ ಹೊಡೆಯುತ್ತಿದ್ದ. ಐರಿಷ್ ರೈಫಲ್ ಅಸೋಸಿಯೇಶನ್ 1867ರಲ್ಲಿ ಹುಟ್ಟಿತು. 1873ರಲ್ಲಿ ವಿಂಬಲ್ಡನ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡನ್ನು ಸೋಲಿಸಿ ಎಲ್ಕೋ ಶೀಲ್ಡನ್ನು ಮೊದಲ ಸಲ ಗೆದ್ದಿತು. ಅದೇ ಹುಮ್ಮಸ್ಸಿನಲ್ಲಿ ತಂಡದ ನಾಯಕ ಮೇಜರ್ ಲೀಚ್ ಅಮೆರಿಕನ್ನರಿಗೆ ಸವಾಲು ಎಸೆದ.

1874ರ ಸೆಪ್ಟೆಂಬರ್ 26, ನ್ಯೂಯಾರ್ಕ್ ಸಮೀಪದ ಕ್ರೀಡ್‌ಮೂರ್. ಐರಿಷರ ಕೈಯಲ್ಲಿ ಬಾಯಿಯಿಂದ ಮದ್ದು ತುಂಬುವ ರಿಗ್ಬಿ ಬಂದೂಕುಗಳು. ಅಮೆರಿಕನ್ನರ ಕೈಯಲ್ಲಿ ಹಿಂದಿನಿಂದ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್. 800 ಗಜದಲ್ಲಿ ಅಮೆರಿಕಕ್ಕೆ 326, ಐರ್ಲೆಂಡಿಗೆ 317. 900ರಲ್ಲಿ 310, 312. 1000ದಲ್ಲಿ 298, 302. ಒಟ್ಟು 934 ಮತ್ತು 931. ಮೂರು ಅಂಕದ ಸೋಲು. ಐರಿಷ್ ತಂಡದ ಮಿಲ್ನರ್ ಒಂದು ಗುಂಡನ್ನು ನಟ್ಟನಡುವಿಗೇ ಹೊಡೆದಿದ್ದ, ಆದರೆ ಪಕ್ಕದ ಗುರಿಹಲಗೆಗೆ! ನಡುವಿಗೆ ನಾಲ್ಕು ಅಂಕ. ಅದು ಸಿಕ್ಕಿದ್ದರೆ 935.

ಹಿಂದಿನಿಂದ ತುಂಬುವ ಬಂದೂಕು ಹಳೆಯದನ್ನು ಸೋಲಿಸಿತು ಎಂದು ಈ ಪಂದ್ಯದ ಬಗ್ಗೆ ಹೇಳುವುದುಂಟು. ಅಂಕಪಟ್ಟಿ ಹಾಗೆ ಹೇಳುವುದಿಲ್ಲ. ಗುಂಡು ಮತ್ತು ತಿರುವಿನ ಹೊಂದಾಣಿಕೆ ನಿಜವಾಗಿ ಪರೀಕ್ಷೆಯಾಗುವ 900 ಮತ್ತು 1000 ಗಜಗಳಲ್ಲಿ ಮುಂದಿದ್ದದ್ದು ಐರಿಷರೇ. ಮರುವರ್ಷ ಡಾಲಿಮೌಂಟ್‌ನಲ್ಲಿ ಮಾತ್ರ ವಾದಕ್ಕೆ ಎಡೆಯಿರಲಿಲ್ಲ: 967, 929. ರಿಗ್ಬಿ ಅಲ್ಲಿಗೆ ನಿಲ್ಲಲಿಲ್ಲ. 1887ರಲ್ಲಿ ಎನ್‌ಫೀಲ್ಡ್‌ನ ಸರಕಾರಿ ಕಾರ್ಖಾನೆಗೇ ಮುಖ್ಯಸ್ಥನಾದ. ಅವನ ಕಾಲದಲ್ಲಿ ಬಂದ ಲೀ-ಮೆಟ್‌ಫರ್ಡ್‌ಗೆ 0.303 ಇಂಚಿನ ನಳಿಗೆ, 215 ಗ್ರೇನ್ ಗುಂಡು, 10 ಇಂಚಿಗೆ ಒಂದು ತಿರುವು. ಗುಂಡು ಹಗುರವಾಯಿತು, ತಿರುವು ಇನ್ನೂ ಚುರುಕಾಯಿತು. ಅಗಲಕ್ಕೆ ಹೋಲಿಸಿದರೆ ಗುಂಡು ಮತ್ತಷ್ಟು ಉದ್ದವಾದದ್ದೇ ಕಾರಣ.

ಇಷ್ಟು ಯಂತ್ರದ ಮಾತಾಯಿತು. ಆ ಯಂತ್ರ ಯಾರ ಕೈಗೆ ಸಿಕ್ಕಿತು? 1859ರಲ್ಲಿ ಬ್ರಿಟನ್ನಿನ ಊರೂರಲ್ಲಿ ಸ್ವಯಂಸೇವಕ ರೈಫಲ್ ದಳಗಳು ಹುಟ್ಟಿದಾಗ ಐರ್ಲೆಂಡಿಗೆ ಆ ಅವಕಾಶ ಕೊಡಲಿಲ್ಲ. ಸಾಮಾನ್ಯ ಐರಿಷರ ಕೈಗೆ ಬಂದೂಕು ಕೊಡಲು ಸರಕಾರಕ್ಕೆ ಭಯ. ಹೀಗಾಗಿ ಗುರಿಯಾಟ ಉಳ್ಳವರ ಆಟವಾಯಿತು. ನಮ್ಮಲ್ಲೂ ಇದೇ ಲೆಕ್ಕಾಚಾರ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆಜ್ಞೆಗೆ ಮಣಿಯದ ಹಲಗಲಿಯ ಬೇಡರ ಊರನ್ನೇ ಸುಟ್ಟರು. ನಾಲ್ಕು ವರ್ಷದ ನಂತರ, 1861ರಲ್ಲಿ, ಕೊಡವರ ನಿಷ್ಠೆಯನ್ನು ಮೆಚ್ಚಿ ಅವರಿಗೆ ಆಯುಧ ಒಪ್ಪಿಸುವ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೈಲ್ ಪೊಳ್ದಿನಂದು ಇಂದಿಗೂ ಕೋವಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಹಲಗಲಿಯ ಪಾಲಿಗೆ ಉಳಿದದ್ದು ಲಾವಣಿ.

ಸ್ವತಂತ್ರ ಐರ್ಲೆಂಡಿನಲ್ಲೂ ಈ ಅಂಜಿಕೆ ಹೋಗಲಿಲ್ಲ. ಉತ್ತರದ ಗಲಭೆ ಜೋರಾಗಿದ್ದ 1972ರಲ್ಲಿ 0.22ಕ್ಕಿಂತ ದೊಡ್ಡ ರೈಫಲ್ಲುಗಳನ್ನೂ ಪಿಸ್ತೂಲುಗಳನ್ನೂ ಒಂದು ತಿಂಗಳ ಮಟ್ಟಿಗೆ ಒಪ್ಪಿಸಬೇಕೆಂದು ಸರಕಾರ ಹೇಳಿತು. ಆ ತಿಂಗಳು ಮುಗಿಯಲು ದಶಕಗಳೇ ಹಿಡಿದವು. ರಿಗ್ಬಿಯ ನಾಡಿನಲ್ಲಿ ದೂರದ ಗುರಿಯ ವಿದ್ಯೆ ಒಂದು ತಲೆಮಾರಿನಷ್ಟು ಕಾಲ ಬಡವಾಯಿತು. ಈಗ ಟಲ್ಲಮೋರ್ ಬಳಿ ಮತ್ತೆ ಮೈದಾನವಿದೆ. ಎಲ್ಕೋ ಶೀಲ್ಡಿನ ಪಂದ್ಯವೂ ಪ್ರತಿ ಜುಲೈನಲ್ಲಿ ಇಂಗ್ಲೆಂಡಿನ ಬಿಸ್ಲಿಯಲ್ಲಿ 1000, 1100, 1200 ಗಜಗಳಿಗೆ ನಡೆಯುತ್ತದೆ. ಯಾವ ಗುಂಡಿಗೆ ಯಾವ ತಿರುವು ಎಂಬ ಪ್ರಶ್ನೆಗೆ ಗಣಿತ 1879ರಲ್ಲೇ ಉತ್ತರ ಕೊಟ್ಟಿತು. ಯಾರ ಕೈಗೆ ಯಾವ ಬಂದೂಕು ಎಂಬುದಕ್ಕೆ ಒಪ್ಪಿತವಾದ ಸೂತ್ರವನ್ನು ಐರ್ಲೆಂಡೂ ಕಂಡಿಲ್ಲ, ನಾವೂ ಕಂಡಿಲ್ಲ.