ಏನಿದು ಸಿಡಿ19 ಆಂಟಿಬಾಡಿ? ಮುಂಬೈನ ರಕ್ತ ಕ್ಯಾನ್ಸರ್ ಚಿಕಿತ್ಸೆಗೂ ಇದಕ್ಕೂ ನಂಟೇನು?

ಮುಂಬೈ: ಲ್ಯುಕೇಮಿಯಾ ಶಂಕೆಯಿರುವ ರೋಗಿಯ ಅಸ್ಥಿಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿ ಕೋಶದ ಕ್ಯಾನ್ಸರ್ ಯಾವುದು, ಟಿ ಕೋಶದ್ದು ಯಾವುದು ಎಂದು ಹೇಳುವುದು ಕಷ್ಟ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಈ ಗೊಂದಲ ಬಿಡಿಸಲು ಪ್ರಯೋಗಾಲಯಗಳು ಬಳಸುವ ಸಾಧನವೇ ಮೊನೊಕ್ಲೋನಲ್ ಆಂಟಿಬಾಡಿ, ಅಂದರೆ ಒಂದೇ ಗುರಿಗೆ ಅಂಟಿಕೊಳ್ಳುವ ಪ್ರತಿಕಾಯ.

ಬಿ ಕೋಶಗಳ ಹೊರಪೊರೆಯ ಮೇಲೆ ಸಿಡಿ19 ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಹಿಡಿಯುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿ ಮಾದರಿಗೆ ಬೆರೆಸುತ್ತಾರೆ. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುತ್ತವೆ. ಬಣ್ಣ ಹೊಳೆದರೆ ಅಲ್ಲಿ ಸಿಡಿ19 ಇದೆ ಎಂದು ತಿಳಿಯುತ್ತದೆ. ಆದರೆ ಆರೋಗ್ಯವಂತ ಬಿ ಕೋಶದಲ್ಲೂ ಈ ಪ್ರೋಟೀನ್ ಇರುವುದರಿಂದ ಇದೊಂದನ್ನೇ ನೋಡಿ ಕ್ಯಾನ್ಸರ್ ಎನ್ನುವಂತಿಲ್ಲ. ಸಿಡಿ10, ಸಿಡಿ34ರಂತಹ ಇತರ ಗುರುತುಗಳನ್ನೂ ಜೊತೆಯಲ್ಲೇ ನೋಡುತ್ತಾರೆ.

ಇಂತಹ ಪ್ರತಿಕಾಯ ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಕಂಡುಕೊಂಡರು. ಇಲಿಯ ಪ್ರತಿಕಾಯ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಒಂದೇ ಬಗೆಯ ಪ್ರತಿಕಾಯ ನಿರಂತರವಾಗಿ ಸಿಗುವಂತೆ ಮಾಡಿದರು. 1984ರಲ್ಲಿ ನೊಬೆಲ್ ಬಂತು. ಅವರು ಪೇಟೆಂಟ್ ಪಡೆಯಲಿಲ್ಲ. ಜಗತ್ತಿನ ಪ್ರಯೋಗಾಲಯಗಳಿಗೆ ಅದು ವರವೇ ಆಯಿತು.

ಮುಂಬೈನಲ್ಲಿ ಇದೇ ತತ್ವ ಚಿಕಿತ್ಸೆಗೂ ಬಂದಿದೆ. ಪವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಯಲ್ಲಿ, ಸಿಡಿ19 ಗುರುತಿಸುವ ಪ್ರತಿಕಾಯದ ಭಾಗವನ್ನು ರೋಗಿಯದೇ ಟಿ ಕೋಶಗಳ ಮೇಲೆ ಮೂಡಿಸಲಾಗುತ್ತದೆ. ಇಲಿ ಮೂಲದ ಆ ಭಾಗವನ್ನು ಮಾನವ ಪ್ರತಿಕಾಯವನ್ನು ಹೋಲುವಂತೆ ಬದಲಿಸಿರುವುದು ಇದರ ವಿಶೇಷ. 2021ರ ಜೂನ್ 4ರಂದು ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಕೇಂದ್ರದ ಘಟಕದಲ್ಲಿ ಮೊದಲ ರೋಗಿಗೆ ಇದನ್ನು ನೀಡಲಾಯಿತು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಲೋಕಾರ್ಪಣೆ ಮಾಡಿದರು.

ಸಮಸ್ಯೆ ಇರುವುದು ಚಿಕಿತ್ಸೆಯ ನಂತರದ ಪರೀಕ್ಷೆಯಲ್ಲಿ. ಸಿಡಿ19 ಗುರಿಯಾಗಿಸಿದ ಚಿಕಿತ್ಸೆ ಪಡೆದ ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಆ ಪ್ರೋಟೀನ್ ಇಲ್ಲದೆಯೇ ಮರಳುತ್ತವೆ. ಆಗ ಪ್ರತಿಕಾಯಕ್ಕೆ ಹಿಡಿಯಲು ಏನೂ ಸಿಗದು, ಬಣ್ಣವೂ ಹೊಳೆಯದು. ಸಿಡಿ19 ಒಂದನ್ನೇ ನಂಬಿದರೆ, ರೋಗ ಇದ್ದರೂ ವರದಿ 'ಇಲ್ಲ' ಎಂದು ಬರಬಹುದು. ಅದಕ್ಕಾಗಿ ಇಂತಹ ಮಾದರಿಗಳಲ್ಲಿ ಸಿಡಿ22, ಸಿಡಿ24ರಂತಹ ಬೇರೆ ಗುರುತುಗಳ ಮೂಲಕವೂ ಹುಡುಕುತ್ತಾರೆ. ರೋಗಿ ಹಿಂದೆ ಯಾವ ಚಿಕಿತ್ಸೆ ಪಡೆದಿದ್ದಾರೆ ಎಂಬುದು ಮಾದರಿಯ ಜೊತೆಗಿನ ಚೀಟಿಯಲ್ಲಿ ಬರೆದಿರಲೇಬೇಕು.