ಅನಾರ್ಕಾಳ ಮೈಮೇಲೆ ಕಲಿತ ಹೊಲಿಗೆ

ಹೆರಿಗೆಯಲ್ಲಿ ಗರ್ಭಕೋಶ ಹಿಂಡುತ್ತಲೇ ಇದ್ದು ಕೂಸು ಇಳಿಯದೆ ಹೋದರೆ, ಅದರ ತಲೆ ತಾಯಿಯ ಸೊಂಟದ ಮೂಳೆಗೆ ಒತ್ತಿ ನಿಲ್ಲುತ್ತದೆ. ನಡುವೆ ಸಿಕ್ಕ ಯೋನಿ, ಮೂತ್ರಕೋಶಗಳ ಗೋಡೆಗೆ ರಕ್ತ ಹರಿಯದೆ ಮಾಂಸ ಸತ್ತು ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಉಚ್ಚೆ ಸೋರೋದೇ.

ಅಮೆರಿಕದ ಅಲಬಾಮದಲ್ಲಿ ಅನಾರ್ಕಾ ಎಂಬ ಕಪ್ಪು ಗುಲಾಮ ಹುಡುಗಿಗೆ ಮೂರು ದಿನದ ಹೆರಿಗೆಯಲ್ಲಿ ಹೀಗಾಯಿತು. ಮಾಂಟ್‌ಗೊಮರಿಯ ಡಾಕ್ಟರ ಮರಿಯನ್ ಸಿಮ್ಸ್ 1845ರಿಂದ 1849ರವರೆಗೆ ಅನಾರ್ಕಾ, ಬೆಟ್ಸಿ, ಲೂಸಿ ಮತ್ತು ಹೆಸರೂ ಬರೆದಿಡದ ಇನ್ನಷ್ಟು ಗುಲಾಮ ಹೆಂಗಸರ ಮೇಲೆ ಈ ತೂತು ಹೊಲಿಯೋದನ್ನು ಕಲಿತ. ಅನಾರ್ಕಾ ಒಬ್ಬಳ ಮೇಲೇ ಸುಮಾರು 30 ಸಲ. ನೋವು ಕಳೆಯುವ ಈಥರನ್ನು 1846ರಲ್ಲೇ ಬಾಸ್ಟನ್ನಿನಲ್ಲಿ ತೋರಿಸಿಯಾಗಿತ್ತು; ಇವರಿಗೆ ಅದನ್ನು ಕೊಡಲಿಲ್ಲ. ಅವರೇ ಒಪ್ಪಿದ್ದರು ಅಂತ ಸಿಮ್ಸ್ ಆಮೇಲೆ ಬರೆದುಕೊಂಡ. ಕಾನೂನೇ ಒಡೆಯನ ಸ್ವತ್ತು ಅಂದವಳು ಒಲ್ಲೆ ಅನ್ನೋದು ಹೇಗೆ? ಬಿಳಿ ಡಾಕ್ಟರುಗಳು ನೆರವಿಗೆ ಬರೋದು ಬಿಟ್ಟಾಗ ಈ ಹೆಂಗಸರೇ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅಂದರೆ ಈ ಶಸ್ತ್ರಚಿಕಿತ್ಸೆಗಳಲ್ಲಿ ದಾದಿಯರೂ ಅವರೇ. 1849ರಲ್ಲಿ ಬೆಳ್ಳಿ ತಂತಿಯ ಹೊಲಿಗೆ ನಿಂತಿತು.

ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅನ್ನೋ ಪಟ್ಟ ಮಾತ್ರ ಸಿಮ್ಸನಿಗೆ. ನ್ಯೂಯಾರ್ಕಿನಲ್ಲಿ 1894ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯನ್ನು ಜನ ಪ್ರತಿಭಟಿಸಿದ ಮೇಲೆ 2018ರಲ್ಲಿ ತೆಗೆದರು. 2021ರಲ್ಲಿ ಮಾಂಟ್‌ಗೊಮರಿಯಲ್ಲಿ ಅನಾರ್ಕಾ, ಬೆಟ್ಸಿ, ಲೂಸಿಯರ ಪ್ರತಿಮೆಗಳು ಎದ್ದವು. ಕಪ್ಪು ಕಲಾವಿದೆ ಮಿಶೆಲ್ ಬ್ರೌಡರ್ ಅವನ್ನು ಗುಜರಿ ಕಬ್ಬಿಣ ಬೆಸೆದು ಮಾಡಿದ್ದಾರೆ.